ಮನೆಯಲ್ಲಿ ಕನ್ನಡ, ಚರ್ಚಿನಲ್ಲಿ ತಮಿಳು: ಹೊಸೂರು ಕಡೆಯ ಲೂಥರನ್ನರು ಯಾರು?

ಪ್ರಶ್ನೆ: "ಕೆಲಸಕ್ಕೆಂದು ಬೆಂಗಳೂರಿನಿಂದ ಹೊಸೂರಿಗೆ ಬಂದು ಮೂರು ತಿಂಗಳಾಯಿತು. ಮನೆ ಮಾಲೀಕರು ಲೂಥರನ್ ಕ್ರೈಸ್ತರಂತೆ. ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಚರ್ಚಿನಲ್ಲಿ ತಮಿಳು. ಕ್ಯಾಥೊಲಿಕ್ಕೂ ಅಲ್ಲ, ಪೆಂತೆಕೋಸ್ತೂ ಅಲ್ಲ ಅನ್ನುತ್ತಾರೆ. ಹಾಗಾದರೆ ಏನು? ದಿನಾ ಇವರ ಭಕ್ತಿ ಹೇಗಿರುತ್ತದೆ? ಮುಂದಿನ ಭಾನುವಾರ ಸುಗ್ಗಿ ಹಬ್ಬದ ಆರಾಧನೆಗೆ ಕರೆದಿದ್ದಾರೆ. ನನ್ನಂಥವನು ಹೋಗಬಹುದಾ?"

ಹೋಗಬಹುದು, ಧಾರಾಳವಾಗಿ ಹೋಗಿ. ಸುಗ್ಗಿ ಹಬ್ಬದ ಬಗ್ಗೆ ಕೊನೆಗೆ ಹೇಳುತ್ತೇನೆ, ಅಲ್ಲಿ ನಿಮ್ಮ ಜೇಬಿಗೆ ಸಂಬಂಧಪಟ್ಟ ಒಂದು ವಿಷಯವಿದೆ.

ನಾನೂ ಇದೇ ಕೃಷ್ಣಗಿರಿ ಜಿಲ್ಲೆಯವನು, ಡೆಂಕಣಿಕೋಟೆ ಕಡೆ. ನಮ್ಮ ಮನೆಮಾತು ಕನ್ನಡ. ಸಂತೆಯಲ್ಲಿ ಅರ್ಧ ತೆಲುಗು, ಬಸ್ಸಿನಲ್ಲಿ ತಮಿಳು, ಭಾನುವಾರದ ಆರಾಧನೆಯೂ ತಮಿಳು. ನಿಮ್ಮ ಮಾಲೀಕರ ಮನೆಯ ಕಥೆ ಹೆಚ್ಚುಕಮ್ಮಿ ನಮ್ಮ ಮನೆಯದೇ ಅಂದುಕೊಳ್ಳಿ.

ನಮ್ಮೂರಲ್ಲಿ ಜನ ಚರ್ಚುಗಳನ್ನು ಸದ್ದಿನಿಂದ ಗುರುತಿಸುತ್ತಾರೆ. ಗಂಟೆ ಹೊಡೆದರೆ ಕ್ಯಾಥೊಲಿಕ್, ಡ್ರಮ್ ಹೊಡೆದರೆ ಪೆಂತೆಕೋಸ್ತು, ಹಾರ್ಮೋನಿಯಂ ಜೊತೆ ಹತ್ತು ಜನ ಹತ್ತು ಶ್ರುತಿಯಲ್ಲಿ ಹಾಡಿದರೆ ನಾವು. ತಮಾಷೆ ಬಿಟ್ಟು ಹೇಳಬೇಕೆಂದರೆ, ಹೊರಗಿನಿಂದ ನೋಡಿದವರಿಗೆ ನಾವು ಕ್ಯಾಥೊಲಿಕರ ಹಾಗೇ ಕಾಣುತ್ತೇವೆ. ಪಾಸ್ಟರು ನಿಲುವಂಗಿ ಹಾಕುತ್ತಾರೆ. ಬಲಿಪೀಠ, ಶಿಲುಬೆ, ಮೇಣದ ಬತ್ತಿ ಎಲ್ಲ ಇದೆ. ಕೂಸಿಗೇ ದೀಕ್ಷಾಸ್ನಾನ ಕೊಡುತ್ತೇವೆ, ತಲೆಗೆ ಮೂರು ಸಲ ನೀರು ಹುಯ್ಯುತ್ತಾರೆ, ಅಷ್ಟೇ. ಪೆಂತೆಕೋಸ್ತಿನವರು ದೊಡ್ಡವರಾದ ಮೇಲೆ ಪೂರ್ತಿ ಮುಳುಗಿಸುತ್ತಾರಲ್ಲ, ಅದು ನಮ್ಮಲ್ಲಿಲ್ಲ. ಆದರೆ ನಮಗೆ ಪೋಪ್ ಇಲ್ಲ, ಪಾಸ್ಟರಿಗೆ ಹೆಂಡತಿ ಮಕ್ಕಳಿರುತ್ತಾರೆ. ಯೇಸುವಿನ ತಾಯಿ ಮರಿಯಮ್ಮನ ಮೇಲೆ ಗೌರವವಿದೆ, ಆಕೆಗೆ ಪ್ರಾರ್ಥನೆ ಮಾಡುವುದಿಲ್ಲ.

ಒಳಗಿನ ವ್ಯತ್ಯಾಸ ಒಂದೇ ಮಾತಿನದು. 1517ರ ಅಕ್ಟೋಬರ್ 31ರಂದು ಜರ್ಮನಿಯ ವಿಟ್ಟೆನ್‌ಬರ್ಗಿನಲ್ಲಿ ಮಾರ್ಟಿನ್ ಲೂಥರ್ ಅನ್ನುವ ಸನ್ಯಾಸಿ 95 ವಾದಗಳನ್ನು ಮುಂದಿಟ್ಟ. ದುಡ್ಡು ಕೊಟ್ಟರೆ ಪಾಪದ ಶಿಕ್ಷೆ ಕಳೆಯುತ್ತದೆ ಅಂತ ಚರ್ಚಿನವರೇ ಚೀಟಿ ಮಾರುತ್ತಿದ್ದ ಕಾಲ ಅದು. ಜಗಳ ಅಲ್ಲಿಂದ ಶುರುವಾಗಿ ಕೊನೆಗೆ ಬಂದು ನಿಂತಿದ್ದು ಇಲ್ಲಿ: ದೇವರ ಕ್ಷಮೆಯನ್ನು ದುಡಿದು ಸಂಪಾದಿಸಲು ಆಗುವುದಿಲ್ಲ, ಅದು ಪುಕ್ಕಟೆ ಸಿಗುತ್ತದೆ, ಕೈ ಚಾಚಿ ತಗೋಬೇಕು. ಆ ಕೈ ಚಾಚುವುದಕ್ಕೇ ನಂಬಿಕೆ ಅನ್ನುತ್ತೇವೆ. ನಮ್ಮ ಆರಾಧನೆ ನಿಮಗೆ ಸಪ್ಪೆ ಅನ್ನಿಸಿದರೆ ಅದಕ್ಕೂ ಇದೇ ಕಾರಣ. ಅಲ್ಲಿ ನಾವು ಮಾಡುವುದು ಕಡಿಮೆ, ಕೇಳಿಸಿಕೊಳ್ಳುವುದು ಮತ್ತು ತೆಗೆದುಕೊಳ್ಳುವುದೇ ಜಾಸ್ತಿ.

ತಮಿಳು ಯಾಕೆ ಅನ್ನುವುದಕ್ಕೆ ಇತಿಹಾಸ ಬೇಕು. ಲೂಥರನ್ ಮಿಷನರಿಗಳು ಭಾರತಕ್ಕೆ ಬಂದಿದ್ದು 1706ರಲ್ಲಿ, ತಮಿಳುನಾಡಿನ ಕರಾವಳಿಯ ತರಂಗಂಬಾಡಿಗೆ. ಸೀಗನ್‌ಬಾಲ್ಗ್ ಮತ್ತು ಪ್ಲುಟ್ಷೌ ಅಂತ ಇಬ್ಬರು ಜರ್ಮನ್ನರು. ಸೀಗನ್‌ಬಾಲ್ಗ್ ತಮಿಳು ಕಲಿತು ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯನ್ನು ತಮಿಳಿಗೆ ತಂದ. ನಮ್ಮ ಕಡೆಗೆ ಬಂದವರು ಬೇರೆ. 1895ರಲ್ಲಿ ಅಮೆರಿಕದ ಲೂಥರನ್ ಸಂಸ್ಥೆಯಾದ ಮಿಸ್ಸೌರಿ ಸಿನಡ್ ಪರವಾಗಿ ಥಿಯೊಡೋರ್ ನೇಥರ್ ಅನ್ನುವವರು ಕೃಷ್ಣಗಿರಿಯಲ್ಲಿ ಕೆಲಸ ಶುರು ಮಾಡಿದರು. ಪ್ಲೇಗಿನ ಕಾಲ ಅದು, 1904ರಲ್ಲಿ ಅವರೂ ಅದಕ್ಕೇ ಸತ್ತರು. ಆಂಬೂರು, ವಾಣಿಯಂಬಾಡಿ ಕಡೆ ಕೆಲಸ ಹಬ್ಬಿತು. ಅಲ್ಲೆಲ್ಲ ತಮಿಳು, ಹಾಗಾಗಿ ಪುಸ್ತಕ, ಹಾಡು, ಪಾಸ್ಟರು ಎಲ್ಲ ತಮಿಳಿನಲ್ಲೇ ಬಂದವು. 1958ರಲ್ಲಿ ಇದು ಇಂಡಿಯಾ ಇವ್ಯಾಂಜೆಲಿಕಲ್ ಲೂಥರನ್ ಚರ್ಚ್ ಆಯಿತು. ಬಾಯಲ್ಲಿ ಐಇಎಲ್‌ಸಿ ಅನ್ನುತ್ತೇವೆ.

ಕನ್ನಡದ ಕಡೆ ಜರ್ಮನ್ನರು ಬಂದಿರಲಿಲ್ಲವಾ ಅಂದರೆ, ಬಂದಿದ್ದರು. 1834ರಲ್ಲಿ ಮಂಗಳೂರಿಗೆ ಬಾಸೆಲ್ ಮಿಷನ್ ಬಂತು. ಕಿಟ್ಟೆಲ್ ನಿಘಂಟು ಯಾರಿಗೆ ಗೊತ್ತಿಲ್ಲ ಹೇಳಿ. ಆದರೆ ಅದು ಲೂಥರನ್ ಮತ್ತು ರಿಫಾರ್ಮ್ಡ್ (ಅದು ಇನ್ನೊಂದು ಪ್ರೊಟೆಸ್ಟಂಟ್ ಪಂಗಡ) ಎರಡೂ ಕಲೆತ ಮಿಷನ್. ಆ ಸಭೆಗಳು (ಒಂದು ಚರ್ಚಿಗೆ ಸೇರಿದ ಜನಕ್ಕೆ ಸಭೆ ಅನ್ನುತ್ತೇವೆ) ಈಗ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದಲ್ಲಿವೆ. ಅವರ ಪಾಲಿಗೆ ಕನ್ನಡ ಬಂತು, ನಮ್ಮ ಪಾಲಿಗೆ ತಮಿಳು. ನನಗೆ ಇದರಲ್ಲಿ ಸ್ವಲ್ಪ ಹೊಟ್ಟೆಕಿಚ್ಚು ಇದೆ, ಸುಳ್ಳು ಯಾಕೆ ಹೇಳಲಿ.

ಈಗ ದಿನನಿತ್ಯದ ಭಕ್ತಿಗೆ ಬರೋಣ. ಅದು ಇರುವುದು ಒಂದು ತೆಳು ಪುಸ್ತಕದಲ್ಲಿ. 1529ರಲ್ಲಿ ಲೂಥರ್ ಬರೆದ ಚಿಕ್ಕ ಪ್ರಶ್ನೋತ್ತರ. ತಮಿಳಿನವರು ಜ್ಞಾನೋಪದೇಶ ಅನ್ನುತ್ತಾರೆ, ನಾವೂ ಹಾಗೇ ಕರೆಯುತ್ತೇವೆ. ಅದರ ಹಿಂದಿನ ವರ್ಷ ಆತ ಹಳ್ಳಿ ಸಭೆಗಳನ್ನು ನೋಡಲು ಹೋದಾಗ ಜನರಿಗೆ ಏನೂ ಗೊತ್ತಿರಲಿಲ್ಲ. ಪಾಠ ಹೇಳಬೇಕಾದ ಎಷ್ಟೋ ಪಾದ್ರಿಗಳದೂ ಅದೇ ಕಥೆ. ಆ ಸಂಕಟದಲ್ಲಿ ಬರೆದ ಪುಸ್ತಕ ಇದು. ಹತ್ತು ಆಜ್ಞೆ, ವಿಶ್ವಾಸ ಪ್ರಮಾಣ, ಯೇಸು ಕಲಿಸಿದ ಕರ್ತನ ಪ್ರಾರ್ಥನೆ, ದೀಕ್ಷಾಸ್ನಾನ, ಪಾಪದ ಅರಿಕೆ, ರಾತ್ರಿಭೋಜನ (ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದು). ಒಂದೊಂದು ಸಾಲು ಹೇಳುವುದು, ಆಮೇಲೆ ಒಂದೇ ಪ್ರಶ್ನೆ: ಇದರ ಅರ್ಥವೇನು? ಇದನ್ನು ಮನೆಯ ಯಜಮಾನ ಮನೆಮಂದಿಗೆ ಕಲಿಸಬೇಕು ಅಂತ ಪುಸ್ತಕದಲ್ಲೇ ಇದೆ.

ನಮ್ಮ ಮನೆಯ ಯಜಮಾನ ನಮ್ಮ ಅಜ್ಜಿ. ಆಕೆಗೆ ತಮಿಳು ಓದಲು ಬರುತ್ತಿರಲಿಲ್ಲ. ಪೂರ್ತಿ ಪುಸ್ತಕ ಕೇಳಿ ಕೇಳಿ ಬಾಯಿಪಾಠ. ರಾತ್ರಿ ಮುದ್ದೆ ತೊಳಸುವಾಗ ನನ್ನನ್ನು ಒಲೆ ಪಕ್ಕ ಕೂರಿಸಿ ತಮಿಳಿನಲ್ಲಿ ಸಾಲು ಹೇಳಿಸುತ್ತಿದ್ದಳು. ನಾನು ಹೇಳಿ ಮುಗಿಸಿದ ತಕ್ಷಣ ಕೋಲನ್ನು ಪಾತ್ರೆ ಅಂಚಿಗೆ ಒಂದು ಸಲ ಕುಟ್ಟಿ, "ಹಂಗಂದ್ರೇನ್ಲಾ?" ಅಂತ ಕನ್ನಡದಲ್ಲಿ ಕೇಳುವಳು. ಉತ್ತರವನ್ನೂ ಕನ್ನಡದಲ್ಲೇ ಹೇಳಬೇಕು. ಪುಸ್ತಕದ ಮಾತು ಒಪ್ಪಿಸಿದರೆ ನಡೆಯುತ್ತಿರಲಿಲ್ಲ.

ಕರ್ತನ ಪ್ರಾರ್ಥನೆಯಲ್ಲಿ ಅನುದಿನದ ಆಹಾರ ಕೊಡು ಅಂತ ಒಂದು ಸಾಲಿದೆ. ತಮಿಳಿನಲ್ಲಿ ಅಪ್ಪಂ ಅಂದರೆ ರೊಟ್ಟಿ. ನಾವು ಹೇಳುವಾಗ ಆ ಸಾಲಿನಲ್ಲಿ "ಎಂಗಳ್ ಅಪ್ಪತ್ತೈ" ಅಂತ ಬರುತ್ತದೆ. ಆರು ವರ್ಷದ ನನಗೆ ಅದು 'ನಮ್ಮಪ್ಪನನ್ನು' ಅಂತ ಕೇಳಿಸುತ್ತಿತ್ತು. ನಮ್ಮಪ್ಪ ಲಾರಿ ಓಡಿಸುತ್ತಿದ್ದ, ಮನೆಗೆ ಬಂದರೆ ವಾರಕ್ಕೊಂದು ಸಲ. ಹಾಗಾಗಿ ಆ ಸಾಲನ್ನು ನಾನು ಎಲ್ಲಕ್ಕಿಂತ ಜೋರಾಗಿ ಹೇಳುತ್ತಿದ್ದೆ. ಒಂದು ದಿನ ಅಜ್ಜಿ "ಹಂಗಂದ್ರೇನ್ಲಾ?" ಅಂದಾಗ, "ನಮ್ಮಪ್ಪನ್ನ ದಿನಾ ಮನೆಗೆ ಕಳ್ಸು ಅಂತ" ಅಂದೆ. ಅಜ್ಜಿ ಕೋಲು ಹಿಡಿದವಳು ಹಾಗೇ ನಿಂತಳು. ಆಮೇಲೆ, "ಅದೂ ಸೇರ್ಕಂಡದೆ ಬಿಡು" ಅಂದಳು.

ಸೇರಿಕೊಂಡಿದೆ, ನಿಜಕ್ಕೂ. ಆ ಸಾಲಿಗೆ ಲೂಥರ್ ಕೊಟ್ಟ ಅರ್ಥದಲ್ಲಿ ಒಂದು ದೊಡ್ಡ ಪಟ್ಟಿಯೇ ಇದೆ. ಊಟ, ಬಟ್ಟೆ, ಚಪ್ಪಲಿ, ಮನೆ, ಹೊಲ, ದನ, ದುಡ್ಡು, ಒಳ್ಳೆ ಹೆಂಡತಿ, ಒಳ್ಳೆ ಮಕ್ಕಳು, ಒಳ್ಳೆ ಸರಕಾರ, ಒಳ್ಳೆ ಹವಾಮಾನ, ಒಳ್ಳೆ ನೆರೆಹೊರೆ. ಇವೆಲ್ಲ ಸೇರಿ ಅನುದಿನದ ಆಹಾರ. ಅಜ್ಜಿ ಇದಕ್ಕೆ ರಾಗಿ, ಅವರೆಕಾಯಿಗೆ ಬೀಳುವ ಸೊನೆ, ಬೋರ್‌ವೆಲ್ಲಿನ ನೀರು, ಮೂರು ಫೇಸ್ ಕರೆಂಟು ಸೇರಿಸಿದ್ದಳು.

ಬೆಳಗ್ಗೆ ಎದ್ದಾಗ, ರಾತ್ರಿ ಮಲಗುವಾಗ ಹೇಳುವ ಪ್ರಾರ್ಥನೆಗಳೂ ಅದೇ ಪುಸ್ತಕದಲ್ಲಿವೆ. ಎದ್ದ ತಕ್ಷಣ ಶಿಲುಬೆ ಗುರುತು, ತಂದೆ ಮಗ ಪವಿತ್ರಾತ್ಮನ ಹೆಸರು, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ. ಆಮೇಲೆ ಖುಷಿಯಾಗಿ ಕೆಲಸಕ್ಕೆ ಹೋಗು ಅಂತ ಬರೆದಿದ್ದಾನೆ. ರಾತ್ರಿಯದು ಇನ್ನೂ ಚೆನ್ನಾಗಿದೆ: ಪ್ರಾರ್ಥನೆ ಮುಗಿದ ಮೇಲೆ ತಕ್ಷಣ ನೆಮ್ಮದಿಯಾಗಿ ನಿದ್ದೆ ಮಾಡು. ಉಪವಾಸ ಮಾಡು, ಜಾಗರಣೆ ಮಾಡು ಅನ್ನುವವರ ನಡುವೆ ಸುಮ್ನೆ ಮಲಗು ಅನ್ನುವ ಗುರು ಸಿಕ್ಕಿದ್ದು ನಮ್ಮ ಪುಣ್ಯ ಅಂತ ನಾನು ಗೆಳೆಯರಿಗೆ ಹೇಳುತ್ತಿರುತ್ತೇನೆ.

ಸಭೆ ಅಂದ ಮೇಲೆ ಜಗಳವೂ ಇರುತ್ತದೆ. ಅದನ್ನು ಮುಚ್ಚಿಟ್ಟರೆ ನಿಮಗೆ ಅರ್ಧ ಉತ್ತರ ಕೊಟ್ಟ ಹಾಗೆ. ಕೆಲವು ವರ್ಷಗಳ ಹಿಂದೆ ನಾನು ಸಭೆಯ ಲೆಕ್ಕ ನೋಡುವವರಲ್ಲಿ ಒಬ್ಬನಾಗಿದ್ದೆ. ಒಂದು ತಿಂಗಳು ಕಾಣಿಕೆ ಲೆಕ್ಕದಲ್ಲಿ 640 ರೂಪಾಯಿ ಕಡಿಮೆ ಬಂತು. ಖಜಾಂಚಿ ವಯಸ್ಸಾದವರು. ಅವರನ್ನು ಕೇಳುವ ಮೊದಲೇ ನಾನು ಚಹಾ ಕುಡಿಯುತ್ತಾ ಇಬ್ಬರ ಹತ್ತಿರ, "ಮುದುಕ ನುಂಗಿರ್ಬೇಕು" ಅಂದುಬಿಟ್ಟೆ. ನಗುತ್ತಲೇ ಅಂದಿದ್ದು. ಮುಂದಿನ ಭಾನುವಾರದ ಹೊತ್ತಿಗೆ ಅದು ಇಡೀ ಸಭೆಗೆ ಗೊತ್ತಾಗಿತ್ತು. ಆಮೇಲೆ ನೋಡಿದರೆ ಕರೆಂಟ್ ಬಿಲ್ಲಿನ ರಸೀತಿ, ಹಾಡಿನ ಪುಸ್ತಕದ ಒಳಗೆ. ಲೆಕ್ಕ ಸರಿಹೋಯಿತು.

ಎಂಟನೇ ಆಜ್ಞೆ ನೆರೆಯವನ ಮೇಲೆ ಸುಳ್ಳು ಸಾಕ್ಷಿ ಹೇಳಬೇಡ ಅನ್ನುತ್ತದೆ. (ನಮ್ಮ ಎಣಿಕೆಯಲ್ಲಿ ಎಂಟನೆಯದು, ಬೇರೆ ಪ್ರೊಟೆಸ್ಟಂಟರಿಗೆ ಅದು ಒಂಬತ್ತನೆಯದು. ಸಂಡೇ ಸ್ಕೂಲ್ ಕ್ವಿಜ್‌ನಲ್ಲಿ ಇದರಿಂದ ಗಲಾಟೆಯೇ ಆಗಿದೆ.) ಇದಕ್ಕೆ ಜ್ಞಾನೋಪದೇಶ ಕೊಡುವ ಅರ್ಥ ಅಲ್ಲಿಗೇ ನಿಲ್ಲುವುದಿಲ್ಲ. ನೆರೆಯವನ ಪರವಾಗಿ ಮಾತಾಡು, ಅವನು ಮಾಡಿದ್ದಕ್ಕೆಲ್ಲ ಒಳ್ಳೆ ಅರ್ಥವನ್ನೇ ಹಚ್ಚು ಅಂತ ಹೇಳುತ್ತದೆ. ಇದನ್ನು ನಾನು ಹದಿಮೂರನೇ ವಯಸ್ಸಿನಲ್ಲಿ ದೃಢೀಕರಣಕ್ಕೆ (ಕೂಸಾಗಿದ್ದಾಗ ದೀಕ್ಷಾಸ್ನಾನ ಆದವರು ಆ ನಂಬಿಕೆಯನ್ನು ಸ್ವಂತ ಬಾಯಿಂದ ಒಪ್ಪುವ ವಿಧಿ) ಮೊದಲು ಇಡೀ ಸಭೆಯ ಮುಂದೆ ತಪ್ಪಿಲ್ಲದೆ ಒಪ್ಪಿಸಿದ್ದೆ. ಕೇಳುತ್ತಾ ಕೂತಿದ್ದ ಹಿರಿಯರಲ್ಲಿ ಆ ಖಜಾಂಚಿಯೂ ಒಬ್ಬರು. ಅವರ ಮನೆಗೆ ಹೋಗಿ ತಪ್ಪಾಯಿತು ಅಂದೆ. ಅವರು, "ಕೂತ್ಕೋಪ್ಪ" ಅಂದರು, ಕಾಫಿ ಕೊಟ್ಟರು, ಆ ಮಾತು ಎತ್ತಲೇ ಇಲ್ಲ. ಆದರೆ ಮುಂದಿನ ವರ್ಷ ಖಜಾಂಚಿ ಕೆಲಸ ಬೇಡ ಅಂದರು. ಈಗ ಪ್ರತಿ ಭಾನುವಾರ ಆರಾಧನೆ ಶುರುವಾಗುವುದೇ ಪಾಪದ ಅರಿಕೆಯಿಂದ. ಪಾಸ್ಟರು ಎಲ್ಲರ ಕಡೆ ತಿರುಗಿ ಕ್ಷಮೆಯ ಮಾತು ಹೇಳುವಾಗ ಆ ಹಿರಿಯರು ನನ್ನ ಎರಡು ಸಾಲು ಮುಂದೆ ನಿಂತಿರುತ್ತಾರೆ, ಅವರ ಬೆನ್ನು ಕಾಣುತ್ತಿರುತ್ತದೆ. ಕ್ಷಮೆ ಪುಕ್ಕಟೆ ಅಂತ ಮೇಲೆ ಸಲೀಸಾಗಿ ಬರೆದೆನಲ್ಲ. ಪುಕ್ಕಟೆ ತಗೊಳ್ಳುವುದು ಕಷ್ಟ ಸ್ವಾಮಿ.

ಭಾಷೆ ವಿಷಯಕ್ಕೆ ಮತ್ತೆ ಬರುತ್ತೇನೆ. ಜನರ ಮಾತಿನಲ್ಲೇ ದೇವರ ವಾಕ್ಯ ಇರಬೇಕು ಅಂತ ಬೈಬಲನ್ನು ಜರ್ಮನ್ ಭಾಷೆಗೆ ತಂದವನು ಲೂಥರ್. ಹೊಸ ಒಡಂಬಡಿಕೆ 1522ರಲ್ಲಿ, ಪೂರ್ತಿ ಬೈಬಲ್ 1534ರಲ್ಲಿ. ಅವನ ಹೆಸರು ಇಟ್ಟುಕೊಂಡವರು ನಾವು, ಮನೆಮಾತು ಬಿಟ್ಟು ಬೇರೆ ಭಾಷೆಯಲ್ಲಿ ಆರಾಧನೆ ಮಾಡುತ್ತೇವೆ. ಓದು ಮುಗಿಸಿದ ಹೊಸದರಲ್ಲಿ ನನಗೆ ಇದು ದೊಡ್ಡ ಅನ್ಯಾಯ ಅನ್ನಿಸಿತ್ತು. ತಿಂಗಳಿಗೊಂದು ಕನ್ನಡ ಆರಾಧನೆ ಬೇಕು ಅಂತ ಹಿರಿಯರ ಹತ್ತಿರ ವಾದ ಮಾಡಿದ್ದೆ.

ಆಮೇಲೆ ಅಜ್ಜಿ ಹಾಸಿಗೆ ಹಿಡಿದಳು. ಚರ್ಚಿಗೆ ಬರಲಾಗದವರಿಗೆ ಪಾಸ್ಟರು ಮನೆಗೇ ರಾತ್ರಿಭೋಜನ ತರುತ್ತಾರೆ. ಒಂದು ಚಿಕ್ಕ ಪೆಟ್ಟಿಗೆ, ಅದರಲ್ಲಿ ಪುಟ್ಟ ಬಟ್ಟಲು, ಅಂಗೈಗಿಂತ ಚಿಕ್ಕ ತಟ್ಟೆ, ಕಾಗದದಷ್ಟು ತೆಳು ರೊಟ್ಟಿ. ಆ ರೊಟ್ಟಿಯಲ್ಲಿ, ದ್ರಾಕ್ಷಾರಸದಲ್ಲಿ ಕ್ರಿಸ್ತನೇ ನಿಜವಾಗಿ ಇದ್ದಾನೆ ಅನ್ನುವುದು ನಮ್ಮ ನಂಬಿಕೆ. ಅದು ಬರೀ ನೆನಪಿನ ಊಟ ಅಂದವರ ಜೊತೆ ಲೂಥರ್ ಜಗಳವಾಡಿದ್ದೇ ಇದಕ್ಕೆ. ಅಂದು ಬಂದ ಪಾಸ್ಟರು ಆಂಬೂರು ಕಡೆಯವರು, ಅಜ್ಜಿಗೋಸ್ಕರ ನಾಲ್ಕು ಮಾತು ಕನ್ನಡ ಕಲಿತು ಬಂದಿದ್ದರು. ರೊಟ್ಟಿ ಎತ್ತಿ ಹಿಡಿದು ನಿಧಾನವಾಗಿ, "ಅಮ್ಮಾ, ಇದು ನಿಮಗೋಸ್ಕರ" ಅಂದರು. ನನಗೆ ಗಂಟಲು ಕಟ್ಟಿತು.

ಅಜ್ಜಿ ಬಾಯಿ ತೆರೆಯಲಿಲ್ಲ. ಸ್ವಲ್ಪ ಹೊತ್ತು ಅವರ ಮುಖ ನೋಡಿ ನನಗೆ ಹೇಳಿದಳು: "ಯಾವಾಗ್ಲೂ ಹೇಳೋ ಹಂಗೇ ಹೇಳು ಅನ್ನು."

ಪಾಸ್ಟರು ಅದನ್ನೇ ತಮಿಳಿನಲ್ಲಿ, "ಉಂಗಳುಕ್ಕಾಗ" ಅಂದರು. ಆಗ ಬಾಯಿ ತೆರೆದಳು.

ಕನ್ನಡ ಆರಾಧನೆ ಬೇಕು ಅಂತ ಈಗಲೂ ಹೇಳುತ್ತೇನೆ, ಮಕ್ಕಳಿಗೆ ಬೇಕೇ ಬೇಕು. ಆದರೆ ಮೊದಲಿನ ಹಾಗೆ ಟೇಬಲ್ ಕುಟ್ಟುವುದಿಲ್ಲ.

ಇನ್ನು ನಿಮ್ಮ ಭಾನುವಾರ. ಹಿಂದಿನ ಬೆಂಚಲ್ಲಿ ಕೂತುಕೊಳ್ಳಿ. ಎಲ್ಲರೂ ಎದ್ದಾಗ ಏಳಿ, ಕೂತಾಗ ಕೂರಿ. ಕಾಣಿಕೆ ಚೀಲ ಬಂದರೆ ಹಾಕಲೇಬೇಕು ಅಂತೇನಿಲ್ಲ. ರಾತ್ರಿಭೋಜನಕ್ಕೆ ಜನ ಮುಂದೆ ಹೋಗುವಾಗ ನೀವು ಕೂತಲ್ಲೇ ಇರಿ, ಅದು ದೀಕ್ಷಾಸ್ನಾನ, ದೃಢೀಕರಣ ಆದವರಿಗೆ. ಯಾರೂ ತಪ್ಪು ತಿಳಿಯುವುದಿಲ್ಲ. ಮತ ಬದಲಾಯಿಸು ಅಂತ ಕೈ ಹಿಡಿದು ಎಳೆಯುವುದೂ ಇಲ್ಲ, ಹೆಸರು, ಊರು, ಸಂಬಳ ಕೇಳುತ್ತಾರೆ ಅಷ್ಟೇ.

ಸುಗ್ಗಿ ಹಬ್ಬದಲ್ಲಿ ಬಲಿಪೀಠದ ಮುಂದೆ ರಾಗಿ ಮೂಟೆ, ಬಾಳೆಗೊನೆ, ಕೋಸು, ಗುಲಾಬಿ, ಕಾಲು ಕಟ್ಟಿದ ಕೋಳಿ ಎಲ್ಲ ಇರುತ್ತದೆ. ಆರಾಧನೆ ಮುಗಿದ ಮೇಲೆ ಹೊರಗೆ ಹರಾಜು. ದುಡ್ಡು ಸಭೆಗೆ ಹೋಗುತ್ತದೆ, ಹಾಗಾಗಿ ಬೆಲೆಗೆ ಲಂಗುಲಗಾಮು ಇರುವುದಿಲ್ಲ. ಒಂದು ಸಲ ಅಜ್ಜಿ ತಾನೇ ಕೊಟ್ಟ ಕುಂಬಳಕಾಯಿಯನ್ನು ತಾನೇ ಕೂಗಿ 300 ರೂಪಾಯಿಗೆ ವಾಪಸ್ ತಂದಿದ್ದಳು, ಪಕ್ಕದ ಮನೆಯವಳಿಗೆ ಬಿಡಬಾರದು ಅಂತ. ಹರಾಜು ನಡೆಯುವಾಗ ತಲೆ ಕೆರೆದುಕೊಳ್ಳಲೂ ಕೈ ಎತ್ತಬೇಡಿ. ಹೊಸಬರ ತಲೆಗೆ ಕೋಳಿ ಕಟ್ಟಲು ಕಾಯುತ್ತಿರುತ್ತಾರೆ.