ಗಂಡಸರ ತೊಡೆಸಂದಿಯ ತುರಿಕೆ: ಮುಲಾಮು ಹಚ್ಚಿದರೂ ಮತ್ತೆ ಮತ್ತೆ ಬರುವುದೇಕೆ?

ತೊಡೆಸಂದಿಯ ತುರಿಕೆ ಅಂಗಡಿಯ ಮುಲಾಮಿನಿಂದ ಇಳಿದು ಮತ್ತೆ ಬರುತ್ತಿದೆಯೇ? ಹೆಚ್ಚಿನವರಲ್ಲಿ ಇದು ಹುಳುಕಡ್ಡಿ, ಅಂದರೆ ಶಿಲೀಂಧ್ರದ ಸೋಂಕು. ಬೆವರು, ಬಿಗಿಯಾದ ಬಟ್ಟೆ, ಸರಿಯಾಗಿ ಒಣಗದ ಒಳಉಡುಪು ಅದಕ್ಕೆ ಅನುಕೂಲ. ಅಂಚು ಕೆಂಪಗೆ ಉಬ್ಬಿ, ನಡುಭಾಗ ತಿಳಿಯಾಗುತ್ತಾ ಉಂಗುರದಂತೆ ಹರಡಿದರೆ ಬಹುತೇಕ ಅದೇ. ರಾತ್ರಿ ತುರಿಕೆ ಹೆಚ್ಚಿದ್ದು, ಮನೆಯವರಿಗೂ ಇದ್ದರೆ ಕಜ್ಜಿ ಇರಬಹುದು. ಅದರ ಚಿಕಿತ್ಸೆಯೇ ಬೇರೆ.

ಮೊದಲು ನಿಮ್ಮ ಮುಲಾಮಿನ ಮೇಲೆ ಬರೆದಿರುವುದನ್ನು ಓದಿ. ಕ್ಲೋಬೆಟಸಾಲ್, ಬೆಕ್ಲೋಮೆಥಾಸೋನ್ ಎಂದಿದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆ. ಅದು ತುರಿಕೆಯನ್ನು ಅಡಗಿಸುತ್ತದೆ, ಒಳಗೊಳಗೇ ಶಿಲೀಂಧ್ರ ಹಬ್ಬಲು ಬಿಡುತ್ತದೆ. ಚರ್ಮ ತೆಳುವಾಗಿ, ಅಳಿಸಲಾಗದ ಗೆರೆಗಳು ಉಳಿಯಬಹುದು. ದಯವಿಟ್ಟು ಅದನ್ನು ಬಿಡಿ. ತಿಂಗಳುಗಟ್ಟಲೆ ಹಚ್ಚಿದ್ದರೆ ವೈದ್ಯರನ್ನು ಕೇಳಿ ಬಿಡಿ.

ಬದಲಿಗೆ ಕ್ಲೋಟ್ರಿಮಜೋಲ್ 1% ಮಾತ್ರ ಇರುವ ಮುಲಾಮನ್ನು ದಿನಕ್ಕೆ 2 ಬಾರಿ, ಕಲೆಯ ಅಂಚಿನಿಂದ 2 ಸೆಂ.ಮೀ. ಆಚೆಗೂ ಹಚ್ಚಿ. ವಾಸಿಯಾದಂತೆ ಕಂಡರೂ ಇನ್ನೆರಡು ವಾರ ನಿಲ್ಲಿಸಬೇಡಿ. ಕಾಲ್ಬೆರಳ ಸಂದಿಯನ್ನೂ ನೋಡಿಕೊಳ್ಳಿ. ಸೋಂಕು ಅನೇಕ ವೇಳೆ ಅಲ್ಲಿಂದಲೇ ಟವೆಲ್ ಮೂಲಕ ಮೇಲೇರುತ್ತದೆ.

2 ವಾರಗಳಲ್ಲಿ ಇಳಿಯದಿದ್ದರೆ ಅಥವಾ ಸಕ್ಕರೆ ಕಾಯಿಲೆ ಇದ್ದರೆ ಚರ್ಮವೈದ್ಯರಿಗೆ ತೋರಿಸಿ. ಸಂಕೋಚ ಬೇಡ, ಅವರು ದಿನವೂ ನೋಡುವ ತೊಂದರೆ ಇದು.