56 ಕೆ.ಜಿ.ಯ ಹುಡುಗ 51ಕ್ಕೆ ಇಳಿಯಬೇಕೇ? ಉಮದಿ ಊರಿನ ನಮ್ಮ ಗುಂಪಿನ ಸದಸ್ಯರಿಗೆ ಉತ್ತರ

ನಮಸ್ಕಾರ. ತಮ್ಮ ಪ್ರಶ್ನೆಯನ್ನು ನಿನ್ನೆ ರಾತ್ರಿ ಎರಡು ಬಾರಿ ಓದಿದೆ. ಹತ್ತನೇ ತರಗತಿಯಲ್ಲಿರುವ ಮಗನಿಗೆ 15 ವರ್ಷ, ತೂಕ 56 ಕೆ.ಜಿ.; ‘ವಿಷನ್ ಕ್ವೆಸ್ಟ್’ ಎಂಬ 1985ರ ಅಮೆರಿಕನ್ ಚಲನಚಿತ್ರವನ್ನು ಮೊಬೈಲಿನಲ್ಲಿ ನೋಡಿದಂದಿನಿಂದ ರಾತ್ರಿಯ ರೊಟ್ಟಿ ಬಿಟ್ಟಿದ್ದಾನೆ; ಆರು ವಾರಗಳ ನಂತರದ ಶಾಲಾ ಪಂದ್ಯಾವಳಿಯಲ್ಲಿ 51 ಕೆ.ಜಿ. ವಿಭಾಗದಲ್ಲೇ ಕುಸ್ತಿ ಹಿಡಿಯುತ್ತೇನೆ ಎಂದು ಹಟ ಹಿಡಿದಿದ್ದಾನೆ. ತಡೆಯಬೇಕೇ, ಬಿಡಬೇಕೇ ಎಂದು ಕೇಳಿದ್ದೀರಿ. 51 ಬೇಡ, ತಡೆಯಿರಿ. ಆದರೆ ಬೈದು ತಡೆಯಬೇಡಿ. ಲೆಕ್ಕ ತೋರಿಸಿ ತಡೆಯಿರಿ.

ಮೊದಲು ಚಿತ್ರದ ವಿಚಾರ. ಸ್ಪೋಕೇನ್ ಎಂಬ ಊರಿನ ಪ್ರೌಢಶಾಲೆಯ ಪೈಲ್ವಾನನೊಬ್ಬ, ತನ್ನ ಸೀಮೆಯ ಅಜೇಯ ಹುಡುಗನೊಡನೆ ಸೆಣಸುವ ಒಂದೇ ಆಸೆಯಿಂದ 190 ಪೌಂಡಿನಿಂದ 168ಕ್ಕೆ, ಅಂದರೆ ಸುಮಾರು 86 ಕೆ.ಜಿ.ಯಿಂದ 76ಕ್ಕೆ ಇಳಿಯುತ್ತಾನೆ. ಚಿತ್ರ ಚೆನ್ನಾಗಿದೆ; ಕಣಕ್ಕಿಳಿಯುವ ಮುನ್ನ ಹೊಟ್ಟೆಯೊಳಗೆ ಏಳುವ ಆ ನಡುಕವನ್ನು ಅಷ್ಟು ನಿಜವಾಗಿ ತೋರಿಸಿದ್ದು ಅಪರೂಪ. ಆದರೆ ತಮ್ಮ ಮಗ ಎರಡು ಸಂಗತಿಗಳನ್ನು ಗಮನಿಸಿದಂತಿಲ್ಲ. ಆ ಕಥಾನಾಯಕ ಆಗಷ್ಟೇ 18 ತುಂಬಿದವನು, ತಮ್ಮ ಮಗನಿಗಿಂತ ಮೂರು ವರ್ಷ ದೊಡ್ಡವನು; ಮೇಲಾಗಿ ಉಪವಾಸದ ಫಲವಾಗಿ ಅವನ ಮೂಗಿನಿಂದ ರಕ್ತ ಸುರಿಯುವುದನ್ನು ಚಿತ್ರವೇ ಮುಚ್ಚಿಡದೆ ತೋರಿಸುತ್ತದೆ. ಮಗನ ಪಕ್ಕದಲ್ಲಿ ಕುಳಿತು ಇನ್ನೊಮ್ಮೆ ನೋಡಿ, ಆ ದೃಶ್ಯ ಬಂದಾಗ ನಿಲ್ಲಿಸಿ.

ಈಗ ಲೆಕ್ಕ. ಅಮೆರಿಕದ ಪ್ರೌಢಶಾಲೆಗಳಲ್ಲಿಯೇ ಇಂದು ಹಾಗೆ ಇಳಿಯಲು ಬಿಡುವುದಿಲ್ಲ. 1997ರ ಕೊನೆಯಲ್ಲಿ, ಐದಾರು ವಾರಗಳ ಅಂತರದೊಳಗೆ, ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸುವ ಭರದಲ್ಲಿ ಸತ್ತರು. ಆ ಬಳಿಕ ಕಾಲೇಜುಗಳಲ್ಲಿ ಬೆವರಿಳಿಸುವ ರಬ್ಬರ್ ಉಡುಪು ಮತ್ತು ಬಿಸಿ ಕೋಣೆಗಳನ್ನು ನಿಷೇಧಿಸಿದರು. ಪ್ರೌಢಶಾಲೆಯ ನಿಯಮದಂತೆ ಹುಡುಗನ ದೇಹದ ಕೊಬ್ಬು ನೂರಕ್ಕೆ 7ಕ್ಕಿಂತ ಕೆಳಗಿಳಿಯುವ ತೂಕಕ್ಕೆ ಅವನು ಹೋಗುವಂತಿಲ್ಲ, ಮತ್ತು ವಾರಕ್ಕೆ ದೇಹತೂಕದ ನೂರಕ್ಕೆ ಒಂದೂವರೆ ಪಾಲಿಗಿಂತ ಹೆಚ್ಚು ಇಳಿಸುವಂತಿಲ್ಲ. ಇದನ್ನು ತಮ್ಮ ಮಗನಿಗೆ ಹಚ್ಚಿ ನೋಡೋಣ. ಅವನಲ್ಲಿ ನೂರಕ್ಕೆ 12ರಷ್ಟು ಕೊಬ್ಬಿದೆ ಎಂದು ಹಿಡಿದರೆ, ಕೊಬ್ಬು ಕಳೆದು ಉಳಿಯುವುದು ಸುಮಾರು 49 ಕೆ.ಜಿ.; ಅದರ ಮೇಲೆ ನೂರಕ್ಕೆ 7ರಷ್ಟು ಕೊಬ್ಬು ಇರಲೇಬೇಕಾದ್ದರಿಂದ ಅವನ ಕನಿಷ್ಠ ತೂಕ 53 ಆಗುತ್ತದೆ. 51ಕ್ಕೆ ಹೋಗಬೇಕಾದರೆ ಇನ್ನೆರಡು ಕೆ.ಜಿ. ಎಲ್ಲಿಂದ ಬರಬೇಕು? ಮಾಂಸಖಂಡದಿಂದ ಇಲ್ಲವೇ ನೀರಿನಿಂದ. ಎರಡೂ ಕುಸ್ತಿಗೆ ಬೇಕಾದವೇ.

‘ದೊಡ್ಡ ಪೈಲ್ವಾನರೆಲ್ಲ ಇಳಿಸುತ್ತಾರಲ್ಲ’ ಎಂದು ಅವನು ವಾದಿಸಬಹುದು. ಇಳಿಸುತ್ತಾರೆ, ನಿಜ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ಇಡೀ ರಾತ್ರಿ ನಿದ್ದೆಗೆಟ್ಟು, ಕೂದಲನ್ನೂ ಕತ್ತರಿಸಿಕೊಂಡು, ಕಡೆಗೆ 100 ಗ್ರಾಂ ಹೆಚ್ಚಾಗಿ ಫೈನಲ್‌ನಿಂದಲೇ ಹೊರಬಿದ್ದರು. ವೈದ್ಯರ ತಂಡವನ್ನೇ ಬೆನ್ನಿಗಿಟ್ಟುಕೊಂಡ ಪ್ರಾಯದವರ ಪಾಡು ಇದು.

ನನ್ನ ಅನುಭವವನ್ನೂ ಹೇಳಬೇಕು. ನಾನು 16ರ ಹುಡುಗನಾಗಿದ್ದಾಗ ಒಂದು ಪಂದ್ಯಾವಳಿಯ ಹಿಂದಿನ ದಿನ 400 ಗ್ರಾಂ ಹೆಚ್ಚಿದ್ದೆ. ನಮ್ಮ ವಸ್ತಾದರ, ಅಂದರೆ ಕುಸ್ತಿ ಗುರುಗಳ, ಮಾತಿನಂತೆ ಬೇಸಿಗೆಯ ಮಧ್ಯಾಹ್ನ ಕಂಬಳಿ ಹೊದ್ದು ಓಡಿದೆ. ಬಾಯಲ್ಲಿ ಹುಣಸೆಹಣ್ಣಿಟ್ಟುಕೊಂಡು ರಾತ್ರಿಯೆಲ್ಲ ತಂಬಿಗೆಗೆ ಉಗುಳಿದೆ. ಬೆಳಿಗ್ಗೆ ತೂಕ ಸರಿಬಂತು. ಎರಡನೆಯ ನಿಮಿಷದಲ್ಲಿ ಎದುರಾಳಿಯ ಕಾಲಿಗೆ ಕೈಹಾಕಿದಾಗ ನನ್ನದೇ ಮೀನಖಂಡ ಕಲ್ಲಿನಂತೆ ಸೆಟೆದುಕೊಂಡಿತು. ಅವನು ನನ್ನನ್ನು ಕೆಡವಲಿಲ್ಲ, ನಾನೇ ಬಿದ್ದೆ. ಸಂಜೆ ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗಿತ್ತು. ತಮ್ಮ ಮಗನಲ್ಲಿ ಆ ಬಣ್ಣ, ತಲೆಸುತ್ತು ಅಥವಾ ಎದೆಬಡಿತ ಕಂಡರೆ ತಾಲೀಮನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿ ಕರೆದೊಯ್ಯಿರಿ.

ನಮ್ಮ ಜತ್ತ ಸೀಮೆಯ ಜಾತ್ರೆಗಳಲ್ಲಿ ಈ ಪೀಡೆ ಇರಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಹುಡುಗರು ಕೈಯೆತ್ತಿ ಕಣವನ್ನು ಸುತ್ತುತ್ತಾರೆ, ಹಿರಿಯರು ಭುಜ, ತೊಡೆ, ಎತ್ತರ ನೋಡಿ ಜೋಡಿ ಕಟ್ಟುತ್ತಾರೆ. ಅಲ್ಲಿ ತೂಕದ ಕಾಟಾ ಇಲ್ಲ; ಕಾಟಾ ಇಲ್ಲದಲ್ಲಿ ಅದಕ್ಕೆ ಮೋಸಮಾಡುವ ಪ್ರಶ್ನೆಯೂ ಇಲ್ಲ. ಈ ಚಟ ಹೆಚ್ಚಾಗಿ ಮಣ್ಣಿನ ಕಣದ ಬದಲು ಹಾಸುವ ಮ್ಯಾಟಿನ ಜೊತೆಗೆ ಬಂದದ್ದು.

ಹಾಗಾದರೆ ಏನು ಮಾಡಬೇಕು? 17 ವರ್ಷದೊಳಗಿನವರ ಫ್ರೀಸ್ಟೈಲ್‌ನಲ್ಲಿ 51ರ ಮುಂದಿನ ತೂಕ 55, ಅದರ ಮುಂದಿನದು 60. ಈ ವರ್ಷದ ಸುತ್ತೋಲೆಯಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳಿ. ಅವನು 55ರಲ್ಲಿ ಹಿಡಿಯಲಿ. ಆರು ವಾರಗಳಲ್ಲಿ ಒಂದು ಕೆ.ಜಿ. ಇಳಿಸಲು ಊಟ ಬಿಡಬೇಕಾಗಿಲ್ಲ. ಸಂಜೆಯ ಭಜಿ, ಬಾಟಲಿಯ ತಂಪು ಪಾನೀಯ, ಬಿಸ್ಕತ್ತು ನಿಲ್ಲಿಸಿದರೆ ಸಾಕು. ಬೆಳಿಗ್ಗೆ ನೆನೆಸಿದ ಶೇಂಗಾ, ಹೆಸರುಕಾಳು, ಹಾಲು. ಎರಡೂ ಹೊತ್ತು ಜೋಳದ ರೊಟ್ಟಿ, ಬೇಳೆ, ಸೊಪ್ಪು. ಮನೆಯಲ್ಲಿ ನಡೆಯುವುದಾದರೆ ಎರಡು ಮೊಟ್ಟೆ. ರಾತ್ರಿಯ ರೊಟ್ಟಿಯನ್ನು ಇಂದಿನಿಂದಲೇ ಮತ್ತೆ ಶುರುಮಾಡಿಸಿ. ನೀರನ್ನು ಯಾವ ಕಾರಣಕ್ಕೂ ಕಡಿಮೆ ಮಾಡಬೇಡಿ. ನಮ್ಮ ಬಿಸಿಲಿಗೆ ತಾಲೀಮಿನ ನಂತರ ಉಪ್ಪು ಹಾಕಿದ ಮಜ್ಜಿಗೆ ಬಹಳ ಒಳ್ಳೆಯದು. ಇಷ್ಟಾಗಿಯೂ ಅವನು ಎತ್ತರ ಬೆಳೆದು 57 ಆದರೆ 60ರಲ್ಲಿ ಹೆಸರು ಕೊಡಿ. ಈ ವಯಸ್ಸಿನಲ್ಲಿ ಅದೇ ಸಹಜ, ಒಂದೆರಡು ಸೋಲಿನಿಂದ ಏನೂ ಕೆಡುವುದಿಲ್ಲ.

ಇನ್ನೊಂದು ಮಾತು. ಚಿತ್ರ ನೋಡಿ ಅವನು ಬೋರಲು ಬಿದ್ದಲ್ಲಿಂದ ಜಿಗಿದು ಏಳುವುದನ್ನೇ ಅಭ್ಯಾಸ ಮಾಡುತ್ತಿದ್ದಾನೆಂದು ಬರೆದಿದ್ದೀರಿ. ಅಮೆರಿಕದ ಶಾಲಾ ಕುಸ್ತಿಯಲ್ಲಿ ಕೆಳಗಿನವನು ಬಿಡಿಸಿಕೊಂಡು ಎದ್ದರೆ ಅಂಕವುಂಟು. ನಮ್ಮ ಶಾಲಾ ಪಂದ್ಯಗಳ ಫ್ರೀಸ್ಟೈಲ್‌ನಲ್ಲಿ ಅದಕ್ಕೆ ಅಂಕವಿಲ್ಲ. ಆದರೆ ಕೆಳಗಿದ್ದವನ ಬೆನ್ನು ನೆಲದ ಕಡೆಗೆ ತಿರುಗಿದರೆ ಎದುರಾಳಿಗೆ ಎರಡು ಅಂಕ ಹೋಗುತ್ತದೆ. ಆದ್ದರಿಂದ ಕೆಳಗಿದ್ದಾಗ ಮೊಣಕೈ ಪಕ್ಕೆಗೆ ಒತ್ತಿ, ಸೊಂಟವನ್ನು ನೆಲಕ್ಕೆ ಅಂಟಿಸಿ ತಡೆಯುವುದನ್ನು ಮೊದಲು ಕಲಿಯಲಿ.

ಹತ್ತು ದಿನ ಬೆಳಿಗ್ಗೆ ಶೌಚ ಮುಗಿಸಿ, ಏನನ್ನೂ ತಿನ್ನುವ ಮೊದಲು ತೂಕ ತೆಗೆದು ಇಲ್ಲಿ ಹಾಕಿ. ಮನೆಯ ಸ್ಪ್ರಿಂಗ್ ಕಾಟಾ ನಂಬಬೇಡಿ. ತಮ್ಮ ಶೆಡ್ಡಿನಲ್ಲಿ ಒಣದ್ರಾಕ್ಷಿ ತೂಗುವ ಎಲೆಕ್ಟ್ರಾನಿಕ್ ಕಾಟಾ ಇದೆಯಲ್ಲ, ಅದರ ಮೇಲೆಯೇ ನಿಲ್ಲಿಸಿ.