ಪಿಸ್ತೂಲಿಗಿಂತ ಮೊದಲು ಬೆಲ್ಟು

ಟೆಕ್ಸಾಸ್‌ಗೆ ಬಂದು ಆರು ತಿಂಗಳಾದ ನೀವು, ಅಂಗಿಯ ಮರೆಯಲ್ಲಿ ಪಿಸ್ತೂಲು ಧರಿಸಲು ಎಂಥ ಬೆಲ್ಟು, ಎಂಥ ಹೋಲ್‌ಸ್ಟರ್, ಅಂದರೆ ಪಿಸ್ತೂಲಿನ ಒರೆ, ಕೊಳ್ಳಬೇಕು, ಆಫೀಸಿನ ಬೆಲ್ಟೇ ಸಾಲದೇ ಎಂದು ಕೇಳಿದ್ದೀರಿ. ನೀವು ಗ್ರೀನ್ ಕಾರ್ಡ್ ಪಡೆದೇ ಬಂದವರಾದ್ದರಿಂದ ಈ ಪ್ರಶ್ನೆಗೆ ಅರ್ಥವಿದೆ. ಎಚ್-1ಬಿ ವೀಸಾದಲ್ಲಿರುವವರು, ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳ ಹೊರತು, ಬಂದೂಕು ಇಟ್ಟುಕೊಳ್ಳುವುದೇ ಫೆಡರಲ್ ಕಾನೂನಿನಂತೆ ಅಪರಾಧ. 2021ರ ಸೆಪ್ಟೆಂಬರಿನಿಂದ ಇಲ್ಲಿ ಪರವಾನಗಿಯಿಲ್ಲದೆಯೂ ಧರಿಸಬಹುದೆಂಬ ಮಾತನ್ನು ನಂಬಿ ಅವರು ಮುಂದುವರಿಯಬಾರದು.

ಕೊಡಗಿನವರಾದ ನಿಮಗೆ ಕೋವಿ ಹೊಸದಲ್ಲ. ಆದರೆ ಹೆಗಲಿಗೇರಿಸುವ ಕೋವಿಯನ್ನು ಬೇಕೆಂದಾಗ ಇಳಿಸಬಹುದು. ಸೊಂಟದ ಪಿಸ್ತೂಲು ದಿನವಿಡೀ ಅಲ್ಲೇ ಇರುತ್ತದೆ. ನೀವು ಆರಿಸಿರುವ ಗ್ಲಾಕ್ 19, ಗುಂಡು ತುಂಬಿದಾಗ, ಸುಮಾರು 850 ಗ್ರಾಂ ತೂಗುತ್ತದೆ. ಮೊದಲ ವರ್ಷ ನಾನೂ ಆಫೀಸಿನ ಬೆಲ್ಟಿನಲ್ಲೇ ಸುಧಾರಿಸಲು ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಹಿಡಿಕೆ ಹೊರಕ್ಕೆ ವಾಲಿ ಅಂಗಿ ಉಬ್ಬುತ್ತಿತ್ತು, ನಾನು ಪ್ಯಾಂಟು ಮೇಲೆಳೆದುಕೊಳ್ಳುತ್ತಲೇ ಇರುತ್ತಿದ್ದೆ. ಒಂದೂವರೆ ಇಂಚು ಅಗಲದ, ಎರಡು ಪದರ ಚರ್ಮದ ನಡುವೆ ಗಡುಸಾದ ಪಟ್ಟಿಯಿರುವ ಬೆಲ್ಟನ್ನೇ ಕೊಳ್ಳಿ. ಅಂಗಡಿಯಲ್ಲಿ ಎರಡೂ ಕೈಯಲ್ಲಿ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿದಾಗ ಸುಲಭವಾಗಿ ಸುತ್ತಿಕೊಳ್ಳುವ ಬೆಲ್ಟು ಬೇಡ. ಹೋಲ್‌ಸ್ಟರ್ ಪ್ಯಾಂಟಿನ ಒಳಗೆ ಕೂರುವುದಾದರೆ ಸೊಂಟದ ಅಳತೆ ಒಂದೆರಡು ಇಂಚು ಹೆಚ್ಚಿರಲಿ.

ಹೋಲ್‌ಸ್ಟರಿನ ವಿಷಯದಲ್ಲಿ ಮಾತ್ರ ಹಣದ ಮುಖ ನೋಡಬೇಡಿ. ಗ್ಲಾಕ್‌ಗೆ ಗುಂಡು ಹಾರದಂತೆ ತಡೆಯಲು ಬೆರಳಿನಿಂದ ಸರಿಸುವ ಸೇಫ್ಟಿ ಇಲ್ಲ. ಆದ್ದರಿಂದ ಟ್ರಿಗರ್, ಅಂದರೆ ನಮ್ಮ ಕೋವಿಯ ಕುದುರೆ, ಪೂರ್ತಿ ಮುಚ್ಚಿರಲೇಬೇಕು. ಸವೆದು ಮೆತ್ತಗಾದ ಚರ್ಮದ ಹೋಲ್‌ಸ್ಟರಿನ ಬಾಯಿ ಒಳಕ್ಕೆ ಮಡಿಚಿ, ಪಿಸ್ತೂಲನ್ನು ಮರಳಿ ಇಡುವಾಗ ಆ ಮಡಿಕೆಯೇ ಕುದುರೆಯನ್ನು ಒತ್ತಿ ಗುಂಡು ಹಾರಿದ್ದುಂಟು. ಅದಕ್ಕಾಗಿಯೇ ನಾನು ಆ ಮಾದರಿಗೆಂದೇ ಅಚ್ಚು ಹಾಕಿದ, ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಹೋಲ್‌ಸ್ಟರ್ ಬಳಸುತ್ತೇನೆ. ಇಲ್ಲಿನ ಬೇಸಿಗೆಯ ಬೆವರನ್ನೂ ಅದು ಹೀರುವುದಿಲ್ಲ. ಗುಂಡು ತೆಗೆದ ಪಿಸ್ತೂಲನ್ನು ಅದರೊಳಗಿಟ್ಟು, ಹಾಸಿಗೆಯ ಮೇಲೆ ತಲೆಕೆಳಗಾಗಿ ಅಲುಗಿಸಿದಾಗ ಬೀಳಬಾರದು.

ಪಿಸ್ತೂಲನ್ನು ಹೊರತೆಗೆಯದೆ ಹೋಲ್‌ಸ್ಟರನ್ನೇ ಬೆಲ್ಟಿನಿಂದ ಕಳಚಲು ಬರುವ ಕ್ಲಿಪ್ಪುಗಳಿವೆಯೇ ಎಂಬುದನ್ನೂ ನೋಡಿ. ಶಾಲೆ, ಅಂಚೆ ಕಚೇರಿಗಳಿಗೆ ಪಿಸ್ತೂಲನ್ನು ಒಯ್ಯುವಂತಿಲ್ಲ. ಶಾಲೆಯ ಸಭಾಂಗಣದಲ್ಲಿ ರಾಜ್ಯೋತ್ಸವ ನಡೆಯುವ ದಿನ, ಕಳಚಿದ್ದನ್ನು ಹಾಗೆಯೇ ಮನೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಬನ್ನಿ.